ಅಜ್ಜಿಯ ಸೋಮವಾರದ ಧಾಟಿ

ಹಳಿಯಾಳದ ಹತ್ತಿರದ ನಮ್ಮೂರಲ್ಲಿ ಆ ಹಾಡನ್ನು ನಾನು ಮೊದಲು ಕೇಳಿದ್ದು ಭಜನೆಯಾಗಿ. ಸೋಮವಾರ ಸಂಜೆ ಗುಡಿಯಲ್ಲಿ ಅಜ್ಜಿ ತಾಳ ಹಿಡಿದು ಅದನ್ನು ಎತ್ತಿಕೊಳ್ಳುವಳು. ಶಿವನನ್ನು ಮನೆಗೆ ಬಾ ಎಂದು ಕರೆಯುವ ಪದ. ಊದುಬತ್ತಿಯ ಹೊಗೆಯಲ್ಲಿ ನನಗೆ ಅರ್ಧ ನಿದ್ದೆ, ಅರ್ಧ ಹಾಡು.

ಒಮ್ಮೆ ದಾಂಡೇಲಿಯಲ್ಲಿ ಮದುವೆ. ಬ್ಯಾಂಡಿನವರು ಅದನ್ನೇ ಊದಿದರು. ನಾನು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದು ನಿಂತೆ. ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ಪಿಚ್ಚರ್ ಹಾಡು, ಹುಚ್ಚಿ. ಹಳೇ ಹಿಂದಿ ಪಿಚ್ಚರಿಂದು. ನಿಮ್ಮ ಭಜನಿಯವರು ಧಾಟಿ ಎತ್ಯಾರ."

ಆಮೇಲೆ ಆ ಹಾಡು ನನ್ನ ಬೆನ್ನು ಬಿಡಲಿಲ್ಲ. ಸಿದ್ದಿಯರ ಕೇರಿಯಲ್ಲಿ ಹೆಂಗಸರು ಡಮಾಮಿ ಡೋಲು ಬಡಿಯುತ್ತ ಅದನ್ನು ಕುಣಿಸಿದರು. ಗೋವಾ ಹಾದಿಯ ರಾಮನಗರದಲ್ಲಿ, ಬಸ್ಸಿಗೆ ಕಾಯುವಾಗ, ಕ್ರಿಶ್ಚಿಯನ್ನರ ಮನೆಯೊಂದರಲ್ಲಿ ಯಾರೋ ಪಿಟೀಲಿನಲ್ಲಿ ಎಷ್ಟು ನಿಧಾನ ಎಳೆದರೆಂದರೆ, ಬಸ್ಸು ಬಂದದ್ದೇ ತಿಳಿಯಲಿಲ್ಲ. ಒಂದೇ ಸೀರೆಯನ್ನು ಅಕ್ಕತಂಗಿಯರು ಸರದಿಯ ಮೇಲೆ ಉಟ್ಟಂತಿತ್ತು.

ಆದರೆ ನನಗೆ ಹೆದರಿಕೆ. ಸಿನಿಮಾ ಹಾಡೆಂದರೆ ಅಜ್ಜಿ ಉರಿದು ಬೀಳುವಳು. ಗೊತ್ತಾದರೆ ಹಾಡುವುದನ್ನೇ ಬಿಟ್ಟಾಳು. ಅಜ್ಜ ನಾನು ಹುಟ್ಟುವ ಮೊದಲೇ ಗೋವಾದ ಗಣಿ ಕೆಲಸಕ್ಕೆ ಹೋದವರು, ತಿರುಗಿ ಬಂದಿರಲಿಲ್ಲ. ಅವಳಿಗೆ ಸಂತೋಷ ಅಂತ ಇದ್ದದ್ದು ಆ ಸೋಮವಾರವೊಂದೇ. ಹೀಗಾಗಿ ಮನೆಗೆ ರೇಡಿಯೋ ಬಂದಾಗ ಅದರ ಕಾವಲಿಗೆ ನಾನೇ ನಿಂತೆ.

ಒಂದು ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ರೇಡಿಯೋದಲ್ಲಿ ಆ ಹಾಡೇ ಶುರುವಾಯಿತು, ಮೂಲದ್ದು. ನಾನು ಬಂದ್ ಮಾಡಲು ಓಡಿದೆ.

"ಇರ್ಲಿ ಬಿಡು," ಎಂದಳು.

ಪೂರ್ತಿ ಕೇಳಿದಳು. ಮೊರ ತೊಡೆಯ ಮೇಲೆ ಸುಮ್ಮನೆ ಇತ್ತು.

"ಇದನ್ನ ಸಿಳ್ಳಿ ಹಾಕ್ಕೋಂತ ನಿಮ್ಮಜ್ಜ ಗೋವಾಕ್ಕ ಅನಮೋಡ ಘಟ್ಟದ ಹಾದಿ ಹಿಡದ್ರು. ಭಜನಿ ಮಾಸ್ತರಗ ಈ ಧಾಟಿಗೇ ಶಿವನ ಪದಾ ಕಟ್ಟ್ರಿ ಅಂತ ಬೆನ್ನ ಹತ್ತಿದಾಕಿ ನಾನು."

"ಯಾಕ, ಅಜ್ಜಿ?"

"ಗಂಡನ್ನ ಹೆಸರು ಹಿಡದು ಕರೀಲಿಕ್ಕೆ ಬರತೈತೇನು?"

ಅಷ್ಟು ಹೇಳಿ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಮುಂದಿನ ಸೋಮವಾರ ಅಜ್ಜಿ ಪದ ಎತ್ತಿಕೊಂಡಳು. ಎಲ್ಲರೂ ಲಿಂಗದ ಕಡೆ ನೋಡುತ್ತ ಹಿಮ್ಮೇಳ ಹಾಡಿದರು. ನಾನೂ ಹಾಡಿದೆ, ಗುಡಿಯ ಬಾಗಿಲ ಕಡೆ ನೋಡುತ್ತ.