ಕಿಟಕಿಯ ಕಪ್ಪು ಕಾಗದ

ನಮ್ಮ ಮಾವ ಲಕ್ಷ್ಮೀನಾರಾಯಣ ರಾಯರು ವಡೋದರದ ಗೋರ್ವಾ ಬಡಾವಣೆಯ ಉಡುಪಿ ಹೋಟೆಲಿಗೆ ಅಡುಗೆಯವರಾಗಿ ಬಂದವರು. ಅದೇ ಹೋಟೆಲು ಈಗ ಅವರದ್ದು. ಎಪ್ಪತ್ತನಾಲ್ಕು ದಾಟಿದರೂ ಸಾಂಬಾರಿಗೆ ಉಪ್ಪು ಹೆಚ್ಚಾದರೆ ಅಡುಗೆಮನೆ ನಡುಗುವಂತೆ ಕೂಗುತ್ತಾರೆ. ಡಿಸೆಂಬರ್ ಮೂರರಂದು ಮಾತ್ರ ಬಾಯಿಗೆ ಬೀಗ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ನಮ್ಮ ದೇಶ ಯುದ್ಧಕ್ಕಿಳಿದ ದಿನ ಅದು. ಇಲ್ಲಿನ ಕನ್ನಡದವರು ಪ್ರತಿವರ್ಷ ಆ ಸಂಜೆ ನಮ್ಮ ಹೋಟೆಲಿನಲ್ಲಿ ಸೇರಿ, ಐದು ನಿಮಿಷ ದೀಪ ಆರಿಸಿ ಕೂರುತ್ತಾರೆ. ಆಮೇಲೆ ಕೃಷ್ಣಮೂರ್ತಿಯವರ ಮಾತು. ಯುದ್ಧದ ದಿನಗಳಲ್ಲಿ ಅವರು, ಶತ್ರು ವಿಮಾನಗಳಿಗೆ ಊರಿನ ಬೆಳಕು ಕಾಣದಿರಲೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ ಕತ್ತಲಲ್ಲಿ ಗಸ್ತು ತಿರುಗುತ್ತಿದ್ದ ಸ್ವಯಂಸೇವಕ. ಒಂದು ಬೆಳಗಿನ ಜಾವ ಈ ಹೋಟೆಲಿನ ಕಿಟಕಿಯಲ್ಲಿ ಬೆಳಕು ಕಂಡು ಓಡಿಬಂದವರು, ವಿಮಾನದಾಳಿಯಾದರೆ ಅಡಗಲೆಂದು ತೋಡಿದ್ದ ಕಂದಕಕ್ಕೆ ಬಿದ್ದರು. ಮುರಿದ ಕಾಲು ಸೊಟ್ಟಗೇ ಕೂಡಿಕೊಂಡಿತು.

“ಕಾಗದ ಅಂಟಿಸಿದ್ದು ನಾನೇ ಕಣ್ರಪ್ಪಾ. ಮೈದಾ ಅಂಟು ತೆಳ್ಳಗೆ ಮಾಡ್ಬಿಟ್ಟಿದ್ದೆ, ಬಿಟ್ಕೊಳ್ತು,” ಎಂದು ಪ್ರತಿವರ್ಷ ಎಲ್ಲರನ್ನೂ ನಗಿಸುತ್ತಿದ್ದರು. ಅಷ್ಟರಲ್ಲಿ ಮಾವ ಚಟ್ನಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದರು. ನಾನೊಬ್ಬಳು ಪೆದ್ದಿ, ಮದುವೆಯಾಗಿ ಬಂದ ಇಪ್ಪತ್ತು ವರ್ಷವೂ ಅದನ್ನು ಉಪಚಾರ ಎಂದುಕೊಂಡಿದ್ದೆ.

ಈ ಸಲ ಕೃಷ್ಣಮೂರ್ತಿಯವರು ನಗಿಸಲಿಲ್ಲ. “ನನ್ನ ಅಂಟಿನಿಂದ ಊರಿಗೇ ಬಾಂಬ್ ಬಿದ್ದಿದ್ರೆ? ಈಗ್ಲೂ ನೆನೆಸ್ಕೊಂಡ್ರೆ ಅನ್ನ ಸೇರಲ್ಲ,” ಎಂದು ಕಣ್ಣೊರೆಸಿಕೊಂಡರು.

ಮಾವ ಚಟ್ನಿಯ ಪಾತ್ರೆ ಕೆಳಗಿಟ್ಟರು.

“ಅಂಟು ಬಿಟ್ಟದ್ದಲ್ಲ ಮಾರಾಯ್ರೆ. ಕಾಗದ ನಾನೇ ಕಿತ್ತದ್ದು. ಇಡ್ಲಿ ಬೇಯ್ಲಿಕ್ಕೆ ಇಟ್ಟಿದ್ದೆ, ಒಲೆಯ ಹೊಗೆಗೆ ಕಣ್ಣು ಬಿಡ್ಲಿಕ್ಕೇ ಆಗ್ಲಿಲ್ಲ. ಕೇಳಿದವ್ರಿಗೆ ಅಂಟು ಬಿಟ್ಟಿತು ಅಂತ ಸುಳ್ಳು ಹೇಳಿದೆ.”

ಕೃಷ್ಣಮೂರ್ತಿಯವರು ತಟ್ಟೆಯ ಇಡ್ಲಿಯನ್ನೇ ನೋಡುತ್ತಾ ಕುಳಿತರು. “ಮೂರು ತಿಂಗಳು ಆಸ್ಪತ್ರೆಗೆ ನೀವೇ ತಿಂಡಿ ತಂದ್ರಿ. ಆಗ್ಲಾದ್ರೂ ಹೇಳ್ಬಹುದಿತ್ತು.”

“ಹೇಳ್ಬೇಕು ಅಂತಲೇ ದಿನಾ ಬರ್ತಿದ್ದೆ. ಹೆದರಿಕೆ ಆಯ್ತು.”

ಮಾವನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಅವರ ಮುಖ ನೋಡಿ ಪಾಪ ಅಂತಲೂ ಅನ್ನಿಸಿತು.

ಹೋಟೆಲಿನ ಮೂರು ಮೆಟ್ಟಿಲು ಇಳಿಯಲು ಕೃಷ್ಣಮೂರ್ತಿಯವರಿಗೆ ಯಾವಾಗಲೂ ಮಾವನ ಹೆಗಲೇ ಆಸರೆ. ಈ ಸಲವೂ ಮಾವ ಹೋಗಿ ಹೆಗಲು ಬಗ್ಗಿಸಿ ನಿಂತರು. ಕೃಷ್ಣಮೂರ್ತಿಯವರು ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು, ತಾವೇ ಇಳಿದರು. ಅವರ ಆಟೋ ಹೋದ ಮೇಲೂ ಮಾವ ಹೆಗಲು ಬಗ್ಗಿಸಿಕೊಂಡೇ ನಿಂತಿದ್ದರು.