ಸುಧಾಕರನ ಕಿವಿಗೆ ಒಗ್ಗುವ ಫ್ಯಾನು

ಶರಾವತಿ ದಡದ ಕಾಸರಕೋಡಿನ ಸರೋಜಾ ಕಂಪ್ಯೂಟರಿನ ಗುಂಡಿ ಒತ್ತಿದಳೆಂದರೆ ಅವಳ ಗಂಡ ಸುಧಾಕರ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಕಿವಿ ಕೆಟ್ಟ ಮೇಲೆ ಅವನಿಗೆ ತಲೆಯೂ ತಿರುಗುತ್ತಿತ್ತು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರ. ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿ. ಸರೋಜಾಳ ಒಂದು ಕಣ್ಣು ಪರದೆಯ ಮೇಲಿದ್ದರೆ ಇನ್ನೊಂದು ಹಿಂಬಾಗಿಲ ಮೇಲೆ. ಹೀಗೆ ಕೂತು ಲಗ್ನಪತ್ರಿಕೆ ಟೈಪು ಮಾಡಿದರೆ ಹುಡುಗಿಯ ಅಪ್ಪನ ಹೆಸರು ಹುಡುಗನ ಅಪ್ಪನ ಜಾಗಕ್ಕೆ ಹೋಗಿ ಕೂರದೆ ಇನ್ನೇನಾದೀತು?

ಆ ಕಂಪ್ಯೂಟರು ಹೊನ್ನಾವರ ಪೇಟೆಯ ಡಿಟಿಪಿ ಅಂಗಡಿಯಿಂದ ಬಂದದ್ದು. ಅಂಗಡಿಯ ಮಹಾಗಣಪತಿ ಹೆಗಡೆಯವರ ಬಳಿ ಅವಳು ಮೊದಲು ದಿನವಿಡೀ ಕೆಲಸ ಮಾಡುತ್ತಿದ್ದಳು. ಗಂಡ ಮನೆಯಲ್ಲಿ ಕೂತ ಮೇಲೆ ಹೆಗಡೆಯವರು ಹಳೆಯದೊಂದು ಯಂತ್ರ ಬಿಟ್ಟುಕೊಟ್ಟು, "ಮನೆಯಲ್ಲೇ ಮಾಡು, ಫ್ಲಾಪಿ ಬಸ್ಸಿಗೆ ಕೊಟ್ಟು ಕಳಿಸು" ಎಂದಿದ್ದರು. ಎರಡು ಸಾವಿರದ ಮೂರನೇ ಇಸವಿಯ ಮಾತು. ಶರಾವತಿ ಸೇತುವೆಯಾಚೆಯಿಂದ ಬರುವ ಆ ಕೆಲಸ ಬಿಟ್ಟರೆ ಆ ಮನೆಗೆ ಬೇರೆ ಅನ್ನದ ದಾರಿ ಇರಲಿಲ್ಲ. ಗಂಡನನ್ನು ಒಬ್ಬನೇ ಬಿಟ್ಟು ಹೋಗುವಂತಿಲ್ಲ. ಮನೆಯಲ್ಲಿ ಯಂತ್ರ ಹಾಕಿದರೆ ಗಂಡ ಮನೆಯಲ್ಲಿ ಇರಲಾರ.

ಸುಧಾಕರ ಬೋಟಿನ ಎಂಜಿನ್ ಡ್ರೈವರ್. ಮೀಸೆ ಮೂಡುವ ಮೊದಲೇ ಎಂಜಿನ್ ಗುಂಡಿಗೆ ಇಳಿದವನು. ಮೇಲೆ ಬಲೆ ಎಳೆಯುವವರಿಗೆ ಗಾಳಿಯಾದರೂ ಸಿಗುತ್ತಿತ್ತು, ಇವನಿಗೆ ಡೀಸೆಲ್ ಹೊಗೆ ಮತ್ತು ಶಬ್ದ. ಸೈಲೆನ್ಸರ್ ಒಡೆದಾಗ ಬೋಟಿನ ಸಾಹುಕಾರ ಅದಕ್ಕೊಂದು ಗೋಣಿ ಸುತ್ತಿ ತಂತಿ ಕಟ್ಟಿಸಿದ. ಗೋಣಿ ಸುಟ್ಟುಹೋಯಿತು, ತಂತಿ ಉಳಿಯಿತು. ಮೀನು ಕೆಡದಂತೆ ಐಸು ತುಂಬಬೇಕೆಂದು ತಿಳಿದ ಸಾಹುಕಾರನಿಗೆ ಮನುಷ್ಯನ ಕಿವಿ ಕೆಡುತ್ತದೆಂದು ತಿಳಿದಿರಲಿಲ್ಲವೆಂದರೆ ನಂಬುವವರು ನಂಬಲಿ. ಐಸಿಲ್ಲದ ಮೀನು ನಾರುತ್ತದೆ, ಬಂದರಿಗೆಲ್ಲ ಗೊತ್ತಾಗುತ್ತದೆ. ಕಿವಿ ಸತ್ತರೆ ಯಾರಿಗೂ ವಾಸನೆ ಬರುವುದಿಲ್ಲ.

ಸರೋಜಾ ಒಮ್ಮೆ ಸಾಹುಕಾರನ ಜಗಲಿಗೆ ಹೋಗಿ ಕೇಳಿದ್ದಳು.

"ಎಂಜಿನ್ ಅಂದ್ಮೇಲೆ ಶಬ್ದ ಮಾಡುದೇಯ. ಜೋಗುಳ ಹಾಡ್ತದಾ?" ಎಂದ ಆತ.

"ಸೈಲೆನ್ಸರ್ ಒಡ್ದು ಎರಡು ಮಳೆಗಾಲ ಆಗಿತ್ತು ಸಾವ್ಕಾರ್ರೆ. ಅವ್ರು ಹೇಳ್ತಾನೇ ಇದ್ರು."

"ಹೇಳಿದ್ನಾ? ನಂಗೆ ಕೇಳ್ಲೇ ಇಲ್ಲ ಮಾರಾಯ್ತಿ. ನನ್ ಕಿವಿನೂ ಮಂದ!"

ಜಗಲಿಯ ಮೇಲೆ ಕೂತವರೆಲ್ಲ ನಕ್ಕರು. ಅವರಲ್ಲಿ ಸುಧಾಕರನ ಜೊತೆ ಒಂದೇ ತಟ್ಟೆಯಲ್ಲಿ ಗಂಜಿ ಉಂಡವರೂ ಇದ್ದರು. ಆ ನಗುವನ್ನು ಸರೋಜಾ ಮರೆತಿಲ್ಲ, ಮರೆಯಬೇಕಾದ ಅಗತ್ಯವೂ ಇಲ್ಲ.

ಕುಮಟೆಯ ಡಾಕ್ಟರು ನರ ಸತ್ತಿದೆ ಎಂದರು. ಹೆಂಡತಿ ಕರೆದರೆ ಕೇಳದು, ಆದರೆ ಕಿವಿಯೊಳಗೆ ಸದಾ ಒಂದು ಮಿಡತೆ ಕೂತು ಕಿರ್ರೆನ್ನುತ್ತದೆ. ಹೊರಗಿನಿಂದ ಅದೇ ಜಾತಿಯ ಸಣ್ಣ ಕೂಗು ಬಂದರೆ ಮಿಡತೆಗೆ ರೆಕ್ಕೆ ಬಂದಂತೆ. ಕಂಪ್ಯೂಟರಿನ ಕೂಗು ಆ ಜಾತಿಯದು.

ಅದನ್ನು ನೋಡಲು ಕುಮಟೆಯಿಂದ ಬಂದವನು ರಿಪೇರಿಯ ಪ್ರಕಾಶ. ಡಬ್ಬಿಯ ತಗಡು ಬಿಚ್ಚಿದ. ಒಳಗೆಲ್ಲ ಉಪ್ಪುಗಾಳಿಯ ತುಕ್ಕು, ಜಿಗುಟು ಧೂಳು.

"ಇದ್ರೊಳಗೆ ಮೂರು ಫ್ಯಾನ್ ಇದಾವೆ ಅಕ್ಕ. ಕರೆಂಟ್ ಡಬ್ಬಿಗೆ ಒಂದು, ಹಿಂದ್ಗಡೆ ಒಂದು, ಈ ಪ್ರೊಸೆಸರ್ ತಲೆ ಮೇಲೆ ಒಂದು. ಕೂಗುದು ಯಾವ್ದು ನೋಡ್ವಾ. ಸುಧಾಕರಣ್ಣ, ನೀವು ಇಲ್ಲಿ ಕೂತ್ಕಳಿ. ಶಬ್ದ ನಿಂತ ಕೂಡ್ಲೆ ಕೈ ಎತ್ತಿ" ಎಂದು ಅವನ ಕಿವಿಗೆ ಕೂಗಿ ಕೈಸನ್ನೆಯಲ್ಲೂ ತೋರಿಸಿದ.

ಮಾತು ಕೇಳದವನನ್ನು ಶಬ್ದ ಅಳೆಯಲು ಕೂರಿಸಿದ್ದು ಕಂಡು ಬಾಗಿಲಲ್ಲಿ ಮೀನುಬುಟ್ಟಿ ಇಳಿಸಿದ್ದ ಪಕ್ಕದ ಮನೆಯ ತಿಮ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪ್ರಕಾಶ ಒಂದೊಂದೇ ಫ್ಯಾನನ್ನು ಬೆಂಕಿಕಡ್ಡಿಯಿಂದ ಕ್ಷಣಕಾಲ ತಡೆದ. ಹಿಂಬದಿಯದನ್ನು ತಡೆದಾಗ ಸುಧಾಕರ ಒಂದು ಕೈ ಎತ್ತಿದ. ಪ್ರೊಸೆಸರಿನದನ್ನು ತಡೆದಾಗ ಎರಡೂ ಕೈ ಎತ್ತಿದ.

ಮುಂದಿನ ಸಲ ಬರುವಾಗ ಪ್ರಕಾಶ ಹಿಂಬದಿಗೆ ಹೊಸ ಫ್ಯಾನು ತಂದ. ನೀಲಿ ದೀಪ ಉರಿಯುವ, ನೋಡಲು ಚೆಂದದ್ದು. ಗಾಳಿ ಮುಖಕ್ಕೆ ಹೊಡೆಯುವಷ್ಟಿತ್ತು, ಕೂಗು ಹಳೆಯದಕ್ಕಿಂತ ಜೋರು. ಸುಧಾಕರ ಕಿವಿ ಮುಚ್ಚಿಕೊಂಡು ಹಿತ್ತಲ ದಾರಿ ಹಿಡಿದ. ಸರೋಜಾ ಹಿಂದೆಯೇ ಓಡಿದಳು.

"ತಪ್ಪು ನಂದೇ," ಎಂದು ಪ್ರಕಾಶ ಅದನ್ನು ಬಿಚ್ಚಿದ. "ಗಾಳಿ ಜಾಸ್ತಿ ಬೇಕು ಅಂತ ವೇಗದ್ದು ತಂದೆ. ಸಣ್ಣ ಫ್ಯಾನು ಅಷ್ಟು ಗಾಳಿ ದೂಡ್ಬೇಕಂದ್ರೆ ಹುಚ್ಚು ಹಿಡ್ದಂಗೆ ತಿರುಗ್ಬೇಕು, ಆಗ ಕೂಗೇ ಕೂಗ್ತದೆ. ದೊಡ್ದು ಹಾಕ್ವಾ. ನಿಧಾನ ತಿರುಗಿದ್ರೂ ಅಷ್ಟೇ ಗಾಳಿ ಬತ್ತದೆ."

ದೊಡ್ಡ ಫ್ಯಾನು ಊಟದ ಬಟ್ಟಲಿನಷ್ಟು ಅಗಲ. ಡಬ್ಬಿಯಲ್ಲಿ ಅದಕ್ಕೆ ಜಾಗವಿಲ್ಲ. ಬದಿಯ ತಗಡನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ದುಂಡಗೆ ಕೊರೆಸಿದರು. ಫ್ಯಾನಿನ ನಡುಕ ತಗಡಿಗೆ ತಾಗಿ ಗುಂಯ್ಗುಡಬಾರದೆಂದು ಸೈಕಲ್ ಟ್ಯೂಬು ಕತ್ತರಿಸಿ ನಾಲ್ಕೂ ಮೂಲೆಗೆ ಮೆತ್ತೆ ಕೊಟ್ಟರು. ಗುಂಡಿ ಒತ್ತಿದಾಗ ಅದರಿಂದ ಬಂದದ್ದು ಕೂಗಲ್ಲ, ದೂರದ ತೆಂಗಿನ ಗರಿಯಲ್ಲಿ ಗಾಳಿ ಸುಳಿದಂಥ ಮೆತ್ತನೆಯ ಬುಸ್ಸು. ಸುಧಾಕರ ಬೆಂಚಿನ ಮೇಲೆ ಕೂತೇ ಇದ್ದ. ಸ್ವಲ್ಪ ಹೊತ್ತಿಗೆ ಅಲ್ಲೇ ಒರಗಿ ಗೊರಕೆ ಹೊಡೆದ. ಎದ್ದವನು ಹೇಳಿದ: "ಅದು ತಿರುಗ್ತಾ ಇದ್ರೆ ಕಿವಿಯೊಳಗಿಂದು ಅಡಗ್ತದೆ ಮಾರಾಯ್ತಿ."

ಫ್ಯಾನಿನ ಜೊತೆ ಒಂದು ವರ್ಷದ ವಾರಂಟಿ ಚೀಟಿ ಬಂದಿತ್ತು. ಬಟ್ಟಲಗಲದ ಪ್ಲಾಸ್ಟಿಕ್ಕಿಗೆ ಕೊಡುವ ಮಾತನ್ನು ನಮ್ಮ ಬಂದರಿನಲ್ಲಿ ಮನುಷ್ಯನಿಗೆ ಯಾರೂ ಕೊಡುವುದಿಲ್ಲ.

ಉಳಿದದ್ದು ಆಗಾಗ ಆ ಬುಸ್ಸನ್ನೂ ಮೀರಿ ಏಳುತ್ತಿದ್ದ, ಪ್ರೊಸೆಸರಿನ ಮೇಲಿನ ಸಣ್ಣ ಫ್ಯಾನಿನ ಕೂಗು. ಆ ಅಳತೆಯ ಒಳ್ಳೆಯ ಬೇರಿಂಗಿನದು ಹುಬ್ಬಳ್ಳಿಯಿಂದ ಬರಬೇಕಿತ್ತು. "ಅಲ್ಲಿವರೆಗೆ ಅದನ್ನ ಮಾತ್ರ ಮುಟ್ಟುಕೆ ಹೋಗ್ಬೇಡಿ ಅಕ್ಕ" ಎಂದು ಹೇಳಿ ಪ್ರಕಾಶ ಹೊರಟಿದ್ದ.

ಹುಬ್ಬಳ್ಳಿಯ ಫ್ಯಾನು ಇವತ್ತು ನಾಳೆ ಎನ್ನುತ್ತ ತಡವಾಯಿತು. ಒಂದು ಮಧ್ಯಾಹ್ನ ಸರೋಜಾ ಬಟ್ಟೆ ಒಣಗಿಸಿ ಒಳಗೆ ಬಂದಾಗ ಸುಧಾಕರ ಡಬ್ಬಿಯ ತಗಡು ಬಿಚ್ಚಿ ನೆಲಕ್ಕೆ ಕೂತಿದ್ದ. ಸಣ್ಣ ಫ್ಯಾನು ಅಂಗೈಯಲ್ಲಿ.

"ಎಂತ ಮಾಡ್ತಿದ್ರಿ?" ಎಂದು ಕಿವಿಯ ಹತ್ತಿರ ಕೂಗಿದಳು.

"ಬೋಟಲ್ಲಿ ರಾಟೆ ಕೂಗಿದ್ರೆ ಎಂತ ಮಾಡುದು? ಎಣ್ಣೆ ಬಿಡುದು. ಇದೂ ಅಷ್ಟೇಯ. ಒಣಗಿ ಹೋಗದೆ ಪಾಪ."

"ಪ್ರಕಾಶ ಮುಟ್ಬೇಡಿ ಅಂದಾನೆ."

"ಅಂವ ಹುಟ್ಟುಕಿಂತ ಮೊದ್ಲೇ ನಾ ಎಂಜಿನ್ ಬಿಚ್ಚಿದವ. ಎಣ್ಣೆ ಬಾಟ್ಲಿ ತಗಂಬಾ."

ಸರೋಜಾ ನಿಂತೇ ಇದ್ದಳು. ಮುಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಬೋಟು ಬಿಟ್ಟ ಮೇಲೆ ಆ ಮನುಷ್ಯ ಯಾವುದೊಂದು ಕೆಲಸಕ್ಕೂ ಕೈ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಫ್ಯಾನಿನ ನಡುವಿನ ಚೀಟಿಯನ್ನು ಉಗುರಿನಲ್ಲಿ ಹರಿಯದಂತೆ ಎಬ್ಬಿಸುತ್ತಿದ್ದ. ಅಡುಗೆಮನೆಗೆ ಹೋಗಿ ತೆಂಗಿನೆಣ್ಣೆಯ ಬಾಟ್ಲಿ ತಂದಳು. ಬಾಗಿಲ ತಿರುಗಣಿಗೆ, ಹೊಲಿಗೆ ಯಂತ್ರಕ್ಕೆ, ಮಗುವಿನ ನೆತ್ತಿಗೆ, ಎಲ್ಲಕ್ಕೂ ಅದೇ ಅಲ್ಲವೇ ಕರಾವಳಿಯ ಮನೆಗಳಲ್ಲಿ?

"ಗಂಡನ ತಲೆಗೆ ಹಚ್ಚುದು ಬಿಟ್ಟು ಡಬ್ಬಿ ತಲೆಗೆ ಎಣ್ಣೆ ಹಚ್ಚತ್ಯಾ?" ಎಂದು ತಿಮ್ಮಿ ಕಿಟಕಿಯಲ್ಲಿ ಹಣಕಿ ಕೇಳಿದಳು. "ನಾಳೆ ಅಭ್ಯಂಜನನೂ ಮಾಡ್ಸು."

ಎರಡು ಹನಿ ಬಿಟ್ಟು ಮತ್ತೆ ಕೂರಿಸಿದ. ಕೂಗು ನಿಂತೇಹೋಯಿತು. ಸುಧಾಕರ ಎರಡೂ ಕೈ ಎತ್ತಿ ತೋರಿಸಿದ, ಸರೋಜಾ ನಕ್ಕಳು.

ಆಮೇಲಿನ ದಿನಗಳೇ ಆ ಮನೆ ಕಂಡ ಒಳ್ಳೆಯ ದಿನಗಳು. ಅವಳು ಟೈಪು ಮಾಡುತ್ತಿದ್ದಳು, ಅವನು ಬೆಂಚಿನ ಮೇಲೆ ಕೂತು ಹಳೆಯ ಬಲೆ ಕಟ್ಟುತ್ತಿದ್ದ. ಹಿತ್ತಲ ಬಾಗಿಲಿಗೆ ಕಣ್ಣಿಡುವ ಕೆಲಸ ತಪ್ಪಿತ್ತು. ಪ್ರಕಾಶನಿಗೆ ಹುಬ್ಬಳ್ಳಿಯ ಫ್ಯಾನು ಸಾವಕಾಶ ಬರಲಿ ಎಂದು ಅವಳೇ ಫೋನಿನಲ್ಲಿ ಹೇಳಿದಳು. ಎಣ್ಣೆ ಬಿಟ್ಟದ್ದನ್ನು ಹೇಳಲಿಲ್ಲ.

ಮಾಗಿಯ ಚಳಿ ಆ ವರ್ಷ ಸಮುದ್ರದ ದಡಕ್ಕೂ ಇಳಿಯಿತು. ಒಂದು ಬೆಳಿಗ್ಗೆ ಶಾಲೆಯ ಪ್ರಶ್ನೆಪತ್ರಿಕೆ ಮುಗಿಸಬೇಕೆಂದು ಸರೋಜಾ ಯಂತ್ರ ಚಾಲೂ ಮಾಡಿದಳು. ದೊಡ್ಡ ಫ್ಯಾನು ಎಂದಿನಂತೆ ಬುಸ್ಸೆಂದಿತು. ಪರದೆ ಏಳುವಷ್ಟರಲ್ಲಿ ಒಗ್ಗರಣೆ ಹಾಕಿ ಬರುವಾ ಎಂದು ಅಡುಗೆಮನೆಗೆ ಹೋದಳು. ಬಾಟ್ಲಿ ಬಗ್ಗಿಸಿದರೆ ಎಣ್ಣೆ ಬೀಳಲೊಲ್ಲದು. ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. ಬಿಸಿಲಿಗಿಡಲು ಅಂಗಳಕ್ಕೆ ಹೋದಳು. ಬಾಟ್ಲಿಯನ್ನು ಕಲ್ಲಿನ ಮೇಲಿಟ್ಟು ಕೈ ತೆಗೆಯುವ ಮೊದಲೇ ಅವಳಿಗೆ ಫ್ಯಾನಿಗೆ ಬಿಟ್ಟ ಎರಡು ಹನಿ ನೆನಪಾಯಿತು. ಓಡಿ ಬಂದಳು. ಪರದೆ ಕಪ್ಪಾಗಿತ್ತು. ಸುಟ್ಟ ವಾಸನೆ ಆಗಷ್ಟೇ ಏಳುತ್ತಿತ್ತು. ಬೆಂಚಿನ ಮೇಲೆ ಸುಧಾಕರ ಬಲೆ ಕಟ್ಟುತ್ತ ನೆಮ್ಮದಿಯಿಂದ ಕೂತಿದ್ದ. ಅವನ ಲೆಕ್ಕದಲ್ಲಿ ಯಾವ ಶಬ್ದವೂ ಹೆಚ್ಚು ಕಡಿಮೆ ಆಗಿರಲಿಲ್ಲ.

ಸಂಜೆ ಪ್ರಕಾಶ ಬಂದು ಬಿಚ್ಚಿದ. ಸಣ್ಣ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ದೂಡಿದ, ಅಲುಗಲಿಲ್ಲ. ಧೂಳು ಕುಡಿದ ಎಣ್ಣೆ ಅಂಟಾಗಿ, ಚಳಿಗೆ ಮೇಣದಂತೆ ಕಟ್ಟಿತ್ತು. ಅದರ ಕೆಳಗಿನ ಪ್ರೊಸೆಸರು ಬೆಂದು ಬೋರ್ಡೂ ಕಪ್ಪಾಗಿತ್ತು. ಆ ಮಾದರಿಯವು ಕಾದರೆ ತಾವಾಗಿ ನಿಲ್ಲುತ್ತಿರಲಿಲ್ಲ.

"ತೆಂಗಿನೆಣ್ಣೆ ಯಾರು ಬಿಟ್ಟದ್ದು ಅಕ್ಕ?" ಎಂದು ಪ್ರಕಾಶ ಮೆಲ್ಲಗೆ ಕೇಳಿದ. "ಇನ್ನು ಇದು ಏಳೂದಿಲ್ಲ. ಡಿಸ್ಕ್ ಉಳ್ದದೆ, ಪ್ರಶ್ನೆಪತ್ರಿಕೆ ತೆಗೆದು ಕೊಡ್ತೆ."

ಎದುರಿಗೇ ಕೂತಿದ್ದ ಸುಧಾಕರನಿಗೆ ಅದು ಕೇಳಲಿಲ್ಲ. "ಎಂತ ಆತಂತೆ?" ಎಂದು ಕೇಳಿದ.

ಸರೋಜಾ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದಳು: "ಕರೆಂಟು ಹೆಚ್ಚು ಕಮ್ಮಿ ಆಗಿ ಸುಟ್ಟದ್ದಂತೆ!"

ಸುಧಾಕರ ತಲೆಯಾಡಿಸಿದ. ಆದರೆ ಅವನ ಕಣ್ಣು ಪ್ರಕಾಶನ ಬೆರಳ ಮೇಲಿತ್ತು. ಫ್ಯಾನನ್ನು ಕೇಳಿ ತೆಗೆದುಕೊಂಡ. ರೆಕ್ಕೆಯನ್ನು ಒಮ್ಮೆ ದೂಡಿ ನೋಡಿದ, ಬೆರಳಿಗಂಟಿದ್ದನ್ನು ಮೂಸಿದ. ಎಂಜಿನ್ ಬಿಚ್ಚಿದವನಿಗೆ ಯಾರೂ ಕೂಗಿ ಹೇಳಬೇಕಾಗಲಿಲ್ಲ. ಫ್ಯಾನನ್ನು ತಿರುಗಿ ಕೊಟ್ಟು, ಬಲೆಯ ದಾರವನ್ನು ಸುತ್ತಿ ಮೂಲೆಗಿಟ್ಟ. ಮತ್ತೆ ಅದನ್ನು ಮುಟ್ಟಲಿಲ್ಲ.

ಹೆಗಡೆಯವರು ಬೈಯಲಿಲ್ಲ. "ಇನ್ನೊಂದು ಯಂತ್ರ ಕೊಡುಕೆ ನನ್ನತ್ರ ಇಲ್ಲ ಸರೋಜಾ. ಅಂಗಡಿಗೆ ಬಾ, ಕುರ್ಚಿ ಖಾಲಿ ಇದೆ" ಎಂದರು. ಅದು ಉಪಕಾರವೇ. ಇಂಥ ಉಪಕಾರಗಳನ್ನೇ ಹಿಡಿದು ಬದುಕುವ ಜನಕ್ಕೆ ಬೇಡ ಅನ್ನುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಕಿವಿ ತಿಂದ ಸಾಹುಕಾರ ಮಾತ್ರ ಆ ವರ್ಷ ಎರಡನೇ ಬೋಟು ಇಳಿಸಿದ. ಪೂಜೆಗೆ ಓಣಿಯವರನ್ನೆಲ್ಲ ಕರೆದ, ಓಣಿಯವರೆಲ್ಲ ಹೋದರು.

ಮನೆ ನಿಶ್ಶಬ್ದವಾಯಿತು. ಸುಧಾಕರನಿಗೆ ಅದೇ ದೊಡ್ಡ ಹಿಂಸೆಯಾಯಿತು. ಹೊರಗೆ ಏನೂ ಇಲ್ಲದಾಗ ಒಳಗಿನದು ನೆತ್ತಿ ಕೊರೆಯತೊಡಗಿತು.

"ಈಗ ಮನೇಲಿ ಎಂತ ಶಬ್ದನೂ ಇಲ್ಲ ಅಲ್ದ್ರಾ?" ಎಂದು ಸರೋಜಾ ಕಿವಿಯ ಹತ್ತಿರ ಬಗ್ಗಿ ಕೇಳಿದಾಗ, "ನಿಂಗೆ ಇಲ್ಲ" ಎಂದ.

ಪ್ರಕಾಶ ಕಡೆಯ ಸಲ ಬಂದಾಗ ದೊಡ್ಡ ಫ್ಯಾನನ್ನಾದರೂ ವಾಪಸ್ ಕೊಳ್ಳುತ್ತೇನೆಂದ. ಸರೋಜಾ ಬೇಡವೆಂದಳು. ಸುಟ್ಟ ಬೋರ್ಡು ತೆಗೆದು, ಕರೆಂಟ್ ಡಬ್ಬಿಯಿಂದ ನೇರ ಆ ಫ್ಯಾನೊಂದೇ ತಿರುಗುವ ಹಾಗೆ ತಂತಿ ಕೊಡಿಸಿದಳು. ಖಾಲಿ ಡಬ್ಬಿಯ ಬದಿಯಲ್ಲಿ ಅದು ಬುಸ್ಸೆನ್ನುತ್ತ ತಿರುಗಿತು. ಒಳಗೆ ತಂಪು ಮಾಡಲು ಏನೂ ಇರಲಿಲ್ಲ. ಸುಧಾಕರ ಅದರ ಪಕ್ಕಕ್ಕೆ ಬೆಂಚು ಎಳೆದುಕೊಂಡ.

ಸೋಮವಾರ ಬೆಳಿಗ್ಗೆ ಅವಳು ಹಿಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. "ಮೀನು ಮಾರಿ ಬಂದ ಕೂಡ್ಲೆ ಒಂದ್ಸಲ ನೋಡು ತಿಮ್ಮಕ್ಕ."

"ನೋಡ್ತೆ ಮಾರಾಯ್ತಿ. ನಿನ್ ಗಂಡನ್ನ ಯಾರೂ ಹೊತ್ಕಂಡು ಹೋಗುದಿಲ್ಲ, ನೀ ಹೋಗು."

ಹೆದ್ದಾರಿಯ ಚಾ ಅಂಗಡಿಯ ಹತ್ತಿರ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿಯ ರೇಡಿಯೋ ಹಾಡಿನ ನಡುವೆ ನಿಂತುಹೋಯಿತು. "ಹೋತು ಕರೆಂಟು. ಇನ್ನು ಮಧ್ಯಾಹ್ನಕ್ಕೇಯ" ಎಂದು ಚಾ ಸೋಸುತ್ತಿದ್ದವನು ಯಾರಿಗೋ ಹೇಳಿದ. ಸರೋಜಾ ಫ್ಯಾನು ನಿಂತ ಮನೆಯ ಕಡೆ ತಿರುಗಿ ನಿಂತಳು. ಓಡಿದರೂ ಅವಳು ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಹೊನ್ನಾವರದ ಬಸ್ಸು ಬಂತು. ಕಂಡಕ್ಟರ್ "ಹತ್ತಿ, ಹತ್ತಿ" ಎಂದು ಬಾಗಿಲು ಬಡಿದ. ಹತ್ತಿದಳು.