ಒಂದು ಲೈಸೆನ್ಸು, ಮೂರು ಮಂದಿ

ಕೊಟ್ಟೂರಿನ ನಮ್ಮ ಆಫೀಸಿನಲ್ಲಿ ಮೂವರೂ ಒಂದೇ ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತಿದ್ದೆವು. ಆಫೀಸು ಎಂದರೆ ದೊಡ್ಡದೇನಲ್ಲ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ತಯಾರಿಸುವ ವರ್ಕ್‌ಶಾಪಿನ ಪಕ್ಕದ ಕೋಣೆ. ಹೊಲದಲ್ಲಿರುವ ಮೋಟಾರನ್ನು ಮನೆಯಲ್ಲೇ ಕೂತು ಫೋನಿನಿಂದ ಚಾಲೂ ಮಾಡುವ ಪೆಟ್ಟಿಗೆ ಅದು. ಕೂಡ್ಲಿಗಿಯಿಂದ ಹಡಗಲಿಯವರೆಗೂ ಹೋಗುತ್ತಿತ್ತು. ಪೆಟ್ಟಿಗೆಯ ಜೊತೆ ಕೊಡುವ ಪುಸ್ತಕ, ಅದೇ ಮಾತುಗಳನ್ನು ಫೋನಿನಲ್ಲಿ ತೋರಿಸುವ ಸಹಾಯದ ಪುಟಗಳು, ಇವೆರಡನ್ನೂ ಬರೆಯುವುದು ನಮ್ಮ ಕೆಲಸ.

ಬರೆಯುವುದು ಎಂದೆನಾದರೂ ನೋಡಿದವರಿಗೆ ಮೂರು ಮಂದಿ ಹರಟೆ ಹೊಡೆಯುತ್ತ ಕೂತ ಹಾಗೆ ಕಾಣುತ್ತಿತ್ತು. ವಾಕ್ಯ ಕಟ್ಟುವವನು ನಾನು. ಇಟ್ಟಿಗಿ ಊರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆ ದಾರಿ ಹೇಳುತ್ತಿದ್ದ ಅಜ್ಜಿಯಿಂದ ಕಲಿತ ವಿದ್ಯೆ: ಮೊದಲು ಕಣ್ಣಿಗೆ ಬೀಳುವುದನ್ನು ಹೇಳಬೇಕು, ಆಮೇಲೆ ಎತ್ತ ತಿರುಗಬೇಕು ಅನ್ನುವುದನ್ನು. ನಾನು ಹೇಳಿದ್ದನ್ನು ಟೈಪು ಮಾಡಿ, ಚಿತ್ರ ಕೂಡಿಸಿ, ಗಟ್ಟಿಯಾಗಿ ಓದುವವಳು ಹರಪನಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ. ಅವಳ ತಂದೆಗೆ ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಅವಳು ಓದಿದಂತೆ ಪೆಟ್ಟಿಗೆಯ ಮೇಲೆ ಕೈಯಾಡಿಸಿ ನೋಡುವವರು ಒಬ್ಬ ಹಿರಿಯ ಎಲೆಕ್ಟ್ರಿಷಿಯನ್, ನಮ್ಮಿಬ್ಬರಿಗೂ ಕಾಕಾ. ಓದಿದ್ದನ್ನಷ್ಟೇ ಮಾಡಬೇಕು, ತನಗೆ ಗೊತ್ತಿರುವುದನ್ನು ಮಾಡಬಾರದು ಎಂಬುದು ನಮ್ಮೊಳಗಿನ ಕರಾರು. ಕಾಕಾನ ಕೈ ತಡವರಿಸಿದ ಕಡೆ ವಾಕ್ಯ ಬದಲಾಗುತ್ತಿತ್ತು.

ತೊಂದರೆ ಬೇರೆ ಕಡೆಯಿಂದ ಬಂತು. ಪುಸ್ತಕದಲ್ಲಿ ತಿದ್ದಿದ್ದು ಫೋನಿನಲ್ಲಿ ತಿದ್ದದೆ ಉಳಿದುಹೋಗುತ್ತಿತ್ತು. ಹಗರಿಬೊಮ್ಮನಹಳ್ಳಿಯ ಅಂಗಡಿಯವರೊಬ್ಬರು ವರ್ಕ್‌ಶಾಪಿನ ಮಾಲೀಕರಾದ ನಮ್ಮ ಸಾವ್ಕಾರರಿಗೆ ಫೋನು ಮಾಡಿ, "ಪುಸ್ತಕ ಒಂದು ಹೇಳತೈತಿ, ಫೋನು ಒಂದು ಹೇಳತೈತಿ, ನಾ ಯಾರ ಮಾತು ಕೇಳ್ಲಿ?" ಎಂದು ದಬಾಯಿಸಿದರು. ಒಂದು ಕಡೆ ಬರೆದರೆ ಎರಡೂ ಕಡೆ ಬರುವಂಥ ಸಾಫ್ಟ್‌ವೇರ್ ಹುಡುಕಿ ಎಂದು ನಮಗೆ ಅಪ್ಪಣೆಯಾಯಿತು.

ಹುಡುಕಿದೆವು. ಪುಕ್ಕಟೆ ಸಿಗುವ ಒಂದರಲ್ಲಿ ಕನ್ನಡ ಪರದೆಯ ಮೇಲೆ ಚೆನ್ನಾಗಿ ಕಂಡರೂ ಅಚ್ಚಿಗೆ ಹೋದ ಮೇಲೆ ಒತ್ತಕ್ಷರಗಳು ಕಳಚಿಕೊಳ್ಳುತ್ತಿದ್ದವು. ಇನ್ನೊಂದು ದೊಡ್ಡ ಕಂಪನಿಗಳಿಗೆಂದು ಮಾಡಿದ್ದು. ಅದರಲ್ಲಿ ನಮಗೆ ಬೇಡದ್ದೇ ಹೆಚ್ಚು. ಮತ್ತೊಂದು ನಮಗೆ ಹೊಂದಿತು. ಹುಡುಗಿ ಪರೀಕ್ಷೆಗೆಂದು ಅದರಲ್ಲಿ ಒಂದು ಪುಟ ಕೂಡಿಸಿ ಗುಂಡಿ ಒತ್ತಿದಳು. ಪುಸ್ತಕವೂ ಬಂತು, ಫೋನಿನ ಪುಟವೂ ಬಂತು. ಅದರ ಲೈಸೆನ್ಸು ಮಾತ್ರ ತಲೆಗೊಂದು. ಬರೆಯುವವರು ಎಷ್ಟು ಮಂದಿಯೋ ಅಷ್ಟು ಕೊಳ್ಳಬೇಕು.

"ಎಷ್ಟು ಬೇಕಾಗ್ತಾವು?" ಎಂದು ಸಾವ್ಕಾರರು ಕೇಳಿದರು.

ನಾವು ಎರಡು ಚಹಾ ತರಿಸಿ ಮೂರು ಮಾಡಿಕೊಂಡು ಕುಡಿಯುವ ಜನ. ಕಾಕಾ ನಮ್ಮಿಬ್ಬರ ಮುಖ ನೋಡಿ, ಮಾಲೀಕರ ಖರ್ಚು ಉಳಿಸಿದ ಹೆಮ್ಮೆಯಲ್ಲಿ, "ಒಂದ ಸಾಕ್ರಿ" ಎಂದರು. ನಾವೂ ಹೌದೆಂದು ತಲೆಯಾಡಿಸಿದೆವು.

ಸಾವ್ಕಾರರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಬರಿಯೋರು ಒಬ್ರ ಸಾಕು ಅಂದ್ರ, ಮೂರು ಮಂದಿ ಯಾಕ ಕೂತೀರಿ ಅಲ್ಲಿ?"

ಕಾಕಾ ನಕ್ಕರು. ಸಾವ್ಕಾರರು ನಗಲಿಲ್ಲ. "ಮಾಸ್ತರು ಬರೀಲಿ," ಎಂದರು. ಭಾಷೆ ತಿದ್ದುತ್ತೇನೆಂದು ನನ್ನನ್ನು ಹಾಗೆ ಕರೆಯುವುದು ಅವರ ರೂಢಿ. "ಕಾಕಾ ವರ್ಕ್‌ಶಾಪಿಗೆ ಹೋಗ್ಲಿ, ಅಲ್ಲಿ ಮಂದಿ ಬೇಕಾಗ್ಯಾರ. ಈಕಿಗೆ ನಮ್ಮಲ್ಲಿ ಬ್ಯಾರೆ ಕೆಲಸ ಏನೈತಿ, ನೋಡ್ಬೇಕು."

ನೋಡಬೇಕು ಎಂದರೆ ಏನು ಎಂಬುದು ಮೂವರಿಗೂ ಗೊತ್ತಾಯಿತು. ಹೊರಗೆ ಬಂದ ಮೇಲೆ ಹುಡುಗಿ ಕುರ್ಚಿಯ ಮೇಲೆ ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತಳು. "ಇದೊಂದು ಆಫೀಸಿಗೆ ಅಂತ ಮನಿಯಾಗ ಬಸ್ ಹತ್ತಾಕ ಬಿಟ್ಟಾರ. ಇದು ಹೋದ್ರ ಇನ್ನೊಂದು ಊರಿಗೆ ಕಳಸಂಗಿಲ್ಲ ಅಣ್ಣಾ. ಮನಿಯಾಗ ಕೂಡು ಅಂತಾರ."

"ನನ್ನ ಬಾಯಿಗೆ ಬೆಂಕಿ ಬೀಳ್ಲಿ," ಎಂದರು ಕಾಕಾ.

"ಬೀಳದು ಬ್ಯಾಡ. ಊಟದ ಡಬ್ಬಿ ಹೆಂಗ ಖಾಲಿ ಮಾಡ್ತೀರಿ ಆಮ್ಯಾಲ?" ಎಂದಳು. ಹಿಡಿದ ಕುರ್ಚಿಯನ್ನು ಮಾತ್ರ ಬಿಡಲಿಲ್ಲ.

ನಾನು ಸಾಫ್ಟ್‌ವೇರ್ ಮಾರುವವರಿಗೆ ಫೋನು ಹಚ್ಚಿದೆ. ಅಲ್ಲಿಯ ಹೆಣ್ಣುಮಗಳು ತಾಳ್ಮೆಯಿಂದ ತಿಳಿಸಿದರು: ಒಂದು ಲೈಸೆನ್ಸು ಒಬ್ಬರ ಹೆಸರಿಗೆ, ಅದನ್ನು ಮೂವರು ಹಂಚಿಕೊಂಡು ಬಳಸುವ ಹಾಗಿಲ್ಲ. ಬರೆದದ್ದನ್ನು ಓದಿ ಅಭಿಪ್ರಾಯ ಹಾಕುವವರಿಗೆ ಲೈಸೆನ್ಸೇ ಬೇಡ. ಅಂದರೆ ಕಾಕಾನಿಗೆ ಬೇಡ. ನಮ್ಮಿಬ್ಬರಿಗೆ ಎರಡು ಬೇಕು. ನಾವು ಹೇಳಿದ ಲೆಕ್ಕ ಆ ಕರಾರಿಗೂ ಸರಿಯಿರಲಿಲ್ಲ, ನಮ್ಮ ಕೆಲಸಕ್ಕೂ ಸರಿಯಿರಲಿಲ್ಲ.

ಮರುದಿನ ಅದನ್ನೇ ಹೋಗಿ ಹೇಳಿದೆ. ಸಾವ್ಕಾರರಿಗೆ ಸಿಟ್ಟು ಬಂತು. "ನಿನ್ನೆ ಒಂದು ಅಂದ್ರಿ, ಇವತ್ತು ಎರಡು ಅಂತೀರಿ. ಹುಡುಗಿ ಸಲುವಾಗಿ ಬಂದೀರಿ, ನನಗ ಗೊತ್ತಾಗಂಗಿಲ್ಲೇನು? ಹೊಸಾ ಮಾಡೆಲ್ ಪೆಟ್ಟಿಗಿ ಪುಸ್ತಕ ನೀವೊಬ್ರ ಬರದು ತೋರಸ್ರಿ. ಅದನ್ನ ನೋಡಿಕೋಂತ ನಾನ ಮೋಟಾರ್ ಚಾಲೂ ಮಾಡ್ತೀನಿ. ಆತು ಅಂದ್ರ ಒಂದ. ಆಗ್ಲಿಲ್ಲ ಅಂದ್ರ ನಿಮ್ಮ ಮಾತು ಕೇಳ್ತೀನಿ."

ಆ ವಾರ ನಾನು ಪರದೆಯ ಮುಂದೆ ಒಬ್ಬನೇ ಕೂತೆ. ಅವರಿಬ್ಬರಿಗೂ ನನ್ನ ಹತ್ತಿರ ಬರಬಾರದೆಂದು ತಾಕೀತಾಗಿತ್ತು. ಹುಡುಗಿ ಹಳೆಯ ಚಿತ್ರಗಳನ್ನು ಜೋಡಿಸುತ್ತ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಕಾಕಾ ನೀರು ಕುಡಿಯುವ ನೆಪದಲ್ಲಿ ಬಂದು, "ಲೇ ತಮ್ಮಾ, ಎಲ್ಯರ ಒಂದು ತಪ್ಪು ಬರದು ಬಿಡು. ಆತನ ಕೈಲಿ ಚಾಲೂ ಆಗದಂಗ" ಎಂದು ಪಿಸುಗುಟ್ಟಿದರು.

"ಕರೆಂಟಿನ ವಿಷಯ ಕಾಕಾ. ತಪ್ಪು ಹೆಂಗ ಬರೀಲಿ?"

"ಗೊತ್ತೈತಿ. ಅಂದೆ ಅಷ್ಟ," ಎಂದು ನೀರು ಕುಡಿಯದೆ ಹೋದರು.

ಹೇಗೆ ಬರೆದರೂ ಸಂಕಟ. ಚೆನ್ನಾಗಿ ಬರೆದಷ್ಟೂ ಅವಳ ಕುರ್ಚಿಯನ್ನು ನಾನೇ ಎತ್ತಿ ಹೊರಗಿಟ್ಟ ಹಾಗೆ. ಆದರೂ ನನಗೆ ತಿಳಿದ ಮಟ್ಟಿಗೆ ಚೆನ್ನಾಗಿಯೇ ಬರೆದೆ. ಮೂರು ಸಲ ಓದಿದೆ. ಎಲ್ಲಿಯೂ ತಡವರಿಸಲಿಲ್ಲ, ಬರೆದವನೇ ಓದಿದರೆ ತಡವರಿಸುವುದೆಲ್ಲಿಂದ?

ಶನಿವಾರ ಬೆಳಿಗ್ಗೆ ಸಾವ್ಕಾರರು ಫೋನು ಹಿಡಿದು ವರ್ಕ್‌ಶಾಪಿಗೆ ಬಂದರು. ಮೂಲೆಯಲ್ಲಿ ಪರೀಕ್ಷೆಗೆಂದು ಇಟ್ಟ ಹಳೆಯ ಮೋಟಾರು, ಅದರಿಂದ ಬೆಲ್ಟಿನಲ್ಲಿ ತಿರುಗುವ ಪಂಪು, ಗೋಡೆಗೆ ಹೊಸ ಪೆಟ್ಟಿಗೆ. ಕಾಕಾ ಮೇನ್ ಸ್ವಿಚ್ಚಿನ ಪಕ್ಕ ನಿಂತರು. ನಾವಿಬ್ಬರು ಬಾಗಿಲ ಹತ್ತಿರ. ಯಾರೂ ಬಾಯಿ ತೆರೆಯಬಾರದು ಎಂದಾಗಿತ್ತು.

ಸಾವ್ಕಾರರು ಪುಟ ಓದುತ್ತ ಒಂದೊಂದೇ ಮಾಡುತ್ತ ಹೋದರು. ನಂಬರು ಸೇರಿಸಿದರು. ಭಾಷೆ ಆರಿಸಿದರು. ಪೆಟ್ಟಿಗೆಗೆ ಕರೆ ಮಾಡಿದರು. ಮೋಟಾರು ಗುಂಯ್ ಎಂದು ತಿರುಗಿತು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಆಗ ಬೆಲ್ಟು ಜಾರಿತು. ಹಳೆಯ ಬೆಲ್ಟು, ಜಾರುತ್ತಲೇ ಇರುತ್ತಿತ್ತು. ಮೋಟಾರಿಗೆ ಭಾರವಿಲ್ಲದ್ದು ತಿಳಿದು, ನೀರಿಲ್ಲವೆಂದುಕೊಂಡು ಪೆಟ್ಟಿಗೆ ಅದನ್ನು ನಿಲ್ಲಿಸಿತು. ಸಾವ್ಕಾರರು 'ಮೋಟಾರು ತಾನಾಗಿ ನಿಂತರೆ' ಎಂಬ ಪುಟ ತೆರೆದರು. ಪೈಪು, ಬೆಲ್ಟು, ನೀರು ನೋಡಿ ಎಂದು ನಾನು ಬರೆದಿದ್ದೆ. ಫೋನನ್ನು ಜೇಬಿಗಿಟ್ಟು, ತೋಳು ಮೇಲೇರಿಸಿ, ಬೆಲ್ಟಿಗೆ ಕೈ ಹಾಕಲು ಬಗ್ಗಿದರು.

ಹಳೆಯ ಮಾಡೆಲ್ಲಾದರೆ ನಿಂತದ್ದು ನಿಂತೇ ಇರುತ್ತಿತ್ತು. ಹೊಸದರ ಒಳಗಿನ ಸರ್ಕ್ಯೂಟ್ ಬೋರ್ಡು ಹೊರಗಿನಿಂದ ತರಿಸಿದ್ದು. ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಚಾಲೂ ಮಾಡಿ ನೋಡುತ್ತದೆ. ಅದನ್ನು ನಾನು ಬರೆದಿರಲಿಲ್ಲವೆಂದಲ್ಲ. ಸೆಟ್ಟಿಂಗಿನ ಪುಟದಲ್ಲಿ ಬರೆದಿದ್ದೆ. ಈ ಪುಟದಲ್ಲಿ ಇರಲಿಲ್ಲ. ಅವರ ಬೆನ್ನು ಬಗ್ಗಿದ್ದು ಕಂಡಾಗ ನನಗದು ಹೊಳೆಯಿತು.

"ಕೈ ತಗೀರಿ," ಎಂದಳು ಮೋಟಾರುಗಳ ನಡುವೆ ಬೆಳೆದ ಹುಡುಗಿ. ಅದೇ ಉಸಿರಿಗೆ ಕಾಕಾ ಮೇನ್ ಸ್ವಿಚ್ಚು ಎಳೆದರು. ಚಾಲೂ ಆಗಿ ಒಂದು ಸುತ್ತು ತಿರುಗಿದ ಮೋಟಾರು ನಿಂತಿತು. ಸಾವ್ಕಾರರ ಬೆರಳುಗಳು ಬೆಲ್ಟಿನಿಂದ ಒಂದು ಗೇಣು ದೂರದಲ್ಲಿದ್ದವು.

ಅವರು ನಿಧಾನಕ್ಕೆ ನೆಟ್ಟಗಾದರು. ಪುಟವನ್ನು ಮತ್ತೆ ತೆಗೆದು ಓದಿದರು. ನನ್ನ ಹತ್ತಿರ ಬಂದು ಕೆಳದನಿಯಲ್ಲಿ ಕೇಳಿದರು: "ಬೇಕಂತ ಬಿಟ್ರೇನು?"

ಕಾಕಾ ಬಂದು ಪಿಸುಗುಟ್ಟಿದ್ದು ಇವರ ಕಿವಿಗೆ ಬಿದ್ದಿತ್ತೋ ಏನೋ. "ಇಲ್ರಿ," ಎಂದೆ. "ಬೇಕಂತ ಬಿಟ್ಟಿದ್ರ ಇಷ್ಟು ಅಂಜಿಕಿ ಆಗ್ತಿರ್ಲಿಲ್ಲ. ಎಲ್ಲಾ ಬರದೀನಿ ಅಂತ ಮಾಡಿದ್ದೆ."

"ಮೂರೂ ಮಂದಿ ಇದ್ದಿದ್ರ?"

"ಈಕಿ ಈ ಪುಟ ಓದ್ತಿದ್ಲು. ಕಾಕಾ ನಿಮ್ಮಂಗ ಬೆಲ್ಟಿಗೆ ಕೈ ಹಾಕಾಕ ಹೋಗ್ತಿದ್ರು. ಆಗ ಅಲ್ಲೇ ತಿದ್ದತಿದ್ವಿ."

"ಮೇನ್ ತಗದ ಮ್ಯಾಲ," ಎಂದು ಸೇರಿಸಿದರು ಕಾಕಾ. "ನನಗೂ ಬೆರಳು ಬೇಕಲ್ರಿ."

ಸಾವ್ಕಾರರು ಕೈ ತೊಳೆದುಕೊಂಡು ತಮ್ಮ ಕೋಣೆಗೆ ಹೋದರು. ಸಂಜೆಯವರೆಗೂ ಕರೆ ಬರಲಿಲ್ಲ. ಆಮೇಲೆ ಮೂವರನ್ನೂ ಒಳಗೆ ಕರೆದರು. ಅವರ ಪರದೆಯ ಮೇಲೆ ಸಾಫ್ಟ್‌ವೇರ್ ಕೊಳ್ಳುವ ಪುಟ ತೆರೆದಿತ್ತು. ಮೊದಲನೆಯ ಸಾಲಿನಲ್ಲಿ ನನ್ನ ಹೆಸರು ತುಂಬಿತ್ತು.

"ನಿನ್ನ ಪೂರ್ತಿ ಹೆಸರೇನಮ್ಮಾ?" ಎಂದು ಕೇಳಿದರು.

ಅವಳು ಹೇಳಿದಳು. ಅವರು ಒಂದೊಂದೇ ಅಕ್ಷರ ಒತ್ತಿದರು. ಕೆಳಗೆ ಅವಧಿ ಆರಿಸುವ ಜಾಗ ಬಂತು: ಒಂದು ವರ್ಷ, ಇಲ್ಲವೇ ಮೂರು. ನಾವು ಮೂವರೂ ಮೌಸಿನ ಬಾಣದ ತುದಿಯನ್ನೇ ನೋಡುತ್ತಿದ್ದೆವು. ಅದು ಮೂರರ ಮೇಲೆ ಹೋಯಿತು, ನಿಂತಿತು, ಮತ್ತೆ ಮೇಲೆ ಬಂದು ಒಂದನ್ನು ಒತ್ತಿತು.

"ಸದ್ಯಕ್ಕ ಇದು. ಮುಂದಿನ ವರ್ಷ ನೋಡೋಣಂತ," ಎಂದರು ನಮ್ಮ ಕಡೆ ತಿರುಗದೆ.

ಹೊರಗೆ ಬಂದ ಮೇಲೆ ಕಾಕಾ, "ಉಳೀತಲ್ಲ ಬಿಡು ತಂಗಿ" ಎಂದರು.

"ಹೂಂ ಕಾಕಾ." ಅವಳು ಬ್ಯಾಗಿಗೆ ಡಬ್ಬಿ ಹಾಕಿಕೊಂಡಳು. "ಒಂದು ವರ್ಷ ಅಂತ ಮನಿಯಾಗ ಹೇಳಂಗಿಲ್ಲ ನಾನು. ಕೆಲಸ ಐತಿ, ಅಷ್ಟ ಹೇಳ್ತೀನಿ. ನೀವೂ ಯಾರರ ಕೇಳಿದ್ರ ಅಷ್ಟ ಹೇಳ್ರಿ."